ಹಳೆಯ ಪೆಟ್ಟಿಗೆಗೆ ಹೊಸ ಕೊರಳು

ಬನಹಟ್ಟಿಯ ನೇಕಾರರ ಓಣಿಯಲ್ಲಿ ಹೊತ್ತೇರಿದ ಮೇಲೆ ಕಾಲಿಟ್ಟವನನ್ನು ಮನುಷ್ಯರಿಗಿಂತ ಮುಂಚೆ ಮಗ್ಗಗಳ ಸದ್ದು ಎದುರುಗೊಳ್ಳುವುದು. ಲಾಳಿ ಎಡದಿಂದ ಬಲಕ್ಕೆ ಹಾರಿದಾಗ ಒಂದು ಪೆಟ್ಟು, ಬಲದಿಂದ ಎಡಕ್ಕೆ ಮರಳಿದಾಗ ಇನ್ನೊಂದು. ವಿದ್ಯುತ್ತಿನಿಂದ ನಡೆಯುವ ಇಂತಹ ನಾಲ್ಕಾರು ಮಗ್ಗಗಳು ಒಂದೇ ಸೂರಿನಡಿ ಕೂಡಿದರೆ ಎದುರಿಗೆ ನಿಂತವನ ತುಟಿಯನ್ನು ನೋಡಿಯೇ ಮಾತನ್ನು ಊಹಿಸಬೇಕಾಗುವುದು. ಆದರೂ ಆ ಸದ್ದಿನ ನಡುವೆ, ಗೋಡೆಯ ಗೂಡಿನಲ್ಲೋ ತೊಲೆಗೆ ಬಿಗಿದ ಹಲಗೆಯ ಮೇಲೋ ಒಂದು ಪೆಟ್ಟಿಗೆ ಕುಳಿತು ಹಾಡುತ್ತಿರುವುದನ್ನು ಕಾಣಬಹುದು. ಕೈಗೂ ಕಾಲಿಗೂ ಕೆಲಸವಿದ್ದು ಮನಸ್ಸು ಮಾತ್ರ ಬರಿದಾಗಿರುವವನಿಗೆ ಹಾಡಿನಂಥ ಸಂಗಾತಿ ಬೇರೊಂದಿಲ್ಲ. ಮಗ್ಗವು ಹಾಡನ್ನು ನುಂಗದಂತೆ ಮಾಡುವ ಬಗೆ ಯಾವುದೆಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಅದಕ್ಕೆ ಎಲ್ಲರಿಗೂ ಮೊದಲು ಹೊಳೆಯುವ ಉತ್ತರವೆಂದರೆ ಇದ್ದ ಪೆಟ್ಟಿಗೆಗೆ ಇನ್ನೊಂದು ಸ್ಪೀಕರು ಹಚ್ಚುವುದು. ಈ ಸರಳವಾದ ಉತ್ತರದ ಒಡಲಲ್ಲಿ ಎಷ್ಟು ಶಾಸ್ತ್ರ ಅಡಗಿದೆಯೆಂಬುದನ್ನು ನಾನು ಜಮಖಂಡಿಯಲ್ಲಿ ಮಾಸ್ತರನಾಗಿದ್ದಾಗ ಒಂದು ಹೊಚ್ಚ ಹೊಸ ಸ್ಪೀಕರನ್ನು ಸುಟ್ಟುಕೊಂಡು ಕಲಿತೆ; ಆ ಪಾಠವನ್ನು ಓದುಗರು ಖರ್ಚಿಲ್ಲದೆ ಕಲಿಯಲೆಂಬುದೇ ಈ ಲೇಖನದ ಉದ್ದೇಶ.

ಕೃಷ್ಣಾ ಘಟಪ್ರಭೆಗಳ ಆಸುಪಾಸಿನ ಈ ಸೀಮೆಗೆ ನಾದದ ನಂಟು ಹಳೆಯದು. ಮುಧೋಳವು ಮಹಾಕವಿ ರನ್ನನ ಊರು. ಸುತ್ತಣ ಹಳ್ಳಿಗಳು ಶ್ರೀಕೃಷ್ಣ ಪಾರಿಜಾತದ ಆಟವನ್ನು ಇರುಳೆಲ್ಲ ಕುಳಿತು ಕೇಳಿದಂಥವು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತಳಾದ ಅಮೀರ್‌ಬಾಯಿ ಕರ್ನಾಟಕಿ ಬೀಳಗಿಯವಳು. ಮರಾಠಿ ರಂಗಭೂಮಿಯ ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಹಾಡಿ ನಟಿಸಿದ ಗೋಹರ್‌ಬಾಯಿ ಆಕೆಯ ಸೋದರಿ. ಜಮಖಂಡಿ ಮುಧೋಳಗಳ ಸಂಸ್ಥಾನಗಳು 1948ರಲ್ಲಿ ಭಾರತದಲ್ಲಿ ವಿಲೀನವಾದುವು. 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಕೇಂದ್ರ ಕೆಲಸಕ್ಕೆ ತೊಡಗಿತು. ಅರಮನೆಯ ದೀವಾನಖಾನೆಯಲ್ಲೋ ನಾಟಕದ ತಂಬುವಿನಲ್ಲೋ ಕೇಳಬೇಕಾಗಿದ್ದ ಸಂಗೀತವು ಹೀಗೆ ಒಂದು ಕಟ್ಟಿಗೆಯ ಪೆಟ್ಟಿಗೆಯೊಳಗೆ ಹೊಕ್ಕು ಸಾಮಾನ್ಯರ ಮನೆಯ ಪಡಸಾಲೆಗೆ ಬಂದು ಕುಳಿತಿತು. ಅಂದಿನ ಪೆಟ್ಟಿಗೆಗಳು ಗಟ್ಟಿಮುಟ್ಟಾದುವು, ನೋಡಲು ಚೆಂದವಾದುವು. ಆದುದರಿಂದಲೇ ಒಳಗಣ ಯಂತ್ರ ಸತ್ತ ಮೇಲೂ ಅವುಗಳನ್ನು ಎಸೆಯಲು ಯಾರಿಗೂ ಮನಸ್ಸು ಬಾರದು.

ಅಂತಹ ಪೆಟ್ಟಿಗೆಯ ಹಿಂಬದಿಯ ತೂತುಗಳುಳ್ಳ ಹಲಗೆಯನ್ನು ಬಿಚ್ಚಿ ನೋಡಿದರೆ ಒಳಗೆ ಕಾಣುವ ಸ್ಪೀಕರಿನ ರಚನೆ ಆಶ್ಚರ್ಯವಾಗುವಷ್ಟು ಸರಳ. ಒಂದು ಅಯಸ್ಕಾಂತ; ಅದರ ಸಂದಿಯಲ್ಲಿ ತೂಗಾಡುವ ಸಣ್ಣ ತಾಮ್ರದ ಸುರುಳಿ; ಆ ಸುರುಳಿಗೆ ಅಂಟಿಸಿದ ಕಾಗದದ ಶಂಕು. ಹಾಡಿನ ವಿದ್ಯುತ್ತು ಸುರುಳಿಯಲ್ಲಿ ಹರಿದಂತೆ ಸುರುಳಿ ಹಿಂದುಮುಂದಾಗುವುದು, ಅದರೊಡನೆ ಶಂಕು ಗಾಳಿಯನ್ನು ತಳ್ಳುವುದು, ಸೆಳೆಯುವುದು; ಆ ಗಾಳಿಯ ಅಲೆಯೇ ನಮ್ಮ ಕಿವಿಗೆ ಹಾಡು. ಅಮೆರಿಕದ ಜನರಲ್ ಇಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು 1925ರಲ್ಲಿ ಇದರ ಶಾಸ್ತ್ರವನ್ನು ನಿರೂಪಿಸಿದರು. ನೂರು ವರ್ಷಗಳಾದರೂ ಮೂಲ ರಚನೆ ಬದಲಾಗಿಲ್ಲ. ನಮ್ಮ ಪೇಟೆಯಲ್ಲಿ ಈ ಶಂಕುವಿಗೆ ಕೋನು ಎಂದೂ ಸುರುಳಿಗೆ ಕಾಯಿಲು ಎಂದೂ ಹೆಸರು. ಇಂಗ್ಲಿಷಿನ ಶಾಸ್ತ್ರಗ್ರಂಥಗಳಲ್ಲಿ ಈ ಇಡೀ ಘಟಕಕ್ಕೆ ಡ್ರೈವರು ಎನ್ನುವರು. ನಮ್ಮಲ್ಲಿ ಡ್ರೈವರು ಎಂದರೆ ಗಾಡಿ ನಡೆಸುವವನೆಂದೇ ರೂಢಿಯಾಗಿರುವುದರಿಂದ ನಾನೂ ಸ್ಪೀಕರು ಎಂದೇ ಕರೆಯುವೆನು.

ಇಷ್ಟು ಒಳ್ಳೆಯ ವಸ್ತುವಿಗೆ ಇನ್ನೊಂದರ ಸಹಾಯವೇಕೆ? ಮನುಷ್ಯನ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ನಾದವನ್ನು ಗ್ರಹಿಸಬಲ್ಲುದು. 50 ಕಂಪನಗಳ ಮಂದ್ರ ನಾದದ ಒಂದು ಅಲೆ ಗಾಳಿಯಲ್ಲಿ ಸುಮಾರು 7 ಮೀಟರು ಉದ್ದವಿರುವುದು. 10,000 ಕಂಪನಗಳ ತಾರ ನಾದದ ಅಲೆಯಾದರೋ ಮೂರೂವರೆ ಸೆಂಟಿಮೀಟರಿಗೆ ಮೀರದು. ಕಂಪನಗಳ ಸಂಖ್ಯೆ ಅರ್ಧಕ್ಕೆ ಇಳಿದಾಗಲೆಲ್ಲ ಅಷ್ಟೇ ಗಟ್ಟಿಯಾಗಿ ಕೇಳಿಸಲು ಕೋನು ನಾಲ್ಕು ಪಟ್ಟು ದೂರ ಚಲಿಸಬೇಕು. ಆದುದರಿಂದ ಮಂದ್ರಕ್ಕೆ ದೊಡ್ಡದಾದ, ಸಡಿಲವಾದ ಕೋನು ಬೇಕು. ಆದರೆ ಆ ದೊಡ್ಡ ಕೋನು ತನ್ನ ಭಾರದ ದೆಸೆಯಿಂದಲೇ ತಾರಸ್ವರಗಳ ಓಟಕ್ಕೆ ಹಿಂದುಳಿಯುವುದು. ಇಡಿಯಾಗಿ ಅಲುಗಾಡದೆ ಅಲ್ಲಲ್ಲಿ ಬೇರೆ ಬೇರೆಯಾಗಿ ನಡುಗುವುದು. 8 ಇಂಚಿನ ಕೋನಿನಿಂದ ಸುಮಾರು 1,700 ಕಂಪನಗಳ ಮೇಲಿನ ನಾದವು ಕಂದೀಲಿನ ಬೆಳಕಿನಂತೆ ಸುತ್ತಲೂ ಹರಡದೆ ಬ್ಯಾಟರಿಯ ಬೆಳಕಿನಂತೆ ಮುಂದಕ್ಕೇ ಒಟ್ಟಾಗತೊಡಗುವುದು. ಎದುರಿಗೆ ಕುಳಿತವನಿಗೆ ಕೇಳಿಸಿದ ತಾಳದ ಝಣತ್ಕಾರ ಮೂಲೆಯಲ್ಲಿ ಕುಳಿತವನಿಗೆ ಕೇಳಿಸದು. ಡೊಳ್ಳು ಬಾರಿಸುವವನ ಕೈಯಲ್ಲೇ ತಾಳವನ್ನೂ ಕೊಟ್ಟರೆ ಎರಡೂ ಕೆಡುವಂತೆ ಒಂದೇ ಕೋನಿನಿಂದ ಎಲ್ಲವನ್ನೂ ನುಡಿಸುವ ಯತ್ನವೂ ಎರಡು ಕಡೆಯೂ ಅರೆಕೊರೆಯಾಗುವುದು.

ಈ ಕೊರತೆಯನ್ನು ಕಾರ್ಖಾನೆಯವರೂ ಬಲ್ಲರು. ದೊಡ್ಡ ಕೋನಿನ ನಡುವೆ ಒಂದು ಚಿಕ್ಕ ಗಟ್ಟಿ ಕೋನನ್ನು ಹೂವಿನೊಳಗಣ ಹೂವಿನಂತೆ ಅಂಟಿಸಿ ತಾರಸ್ವರವನ್ನು ಅದಕ್ಕೆ ಒಪ್ಪಿಸಿದ್ದು ಒಂದು ಉಪಾಯ. 1950ರ ದಶಕದ ನಡುವಿನಲ್ಲಿ ಜರ್ಮನಿಯ ರೇಡಿಯೋಗಳು ಮುಂದೆ ಒಂದು ದೊಡ್ಡ ಸ್ಪೀಕರನ್ನಿಟ್ಟುಕೊಂಡು ಎಡಬಲದ ಪಕ್ಕೆಗಳಲ್ಲಿ ಎರಡು ಚಿಕ್ಕವನ್ನು ಕೂಡಿಸಿಕೊಂಡು ಬಂದದ್ದು ಇನ್ನೊಂದು. ಅಷ್ಟೇ ಅಲ್ಲದೆ, ಹಳೆಯ ವಾಲ್ವು ರೇಡಿಯೋಗಳ ಬೆನ್ನಿನಲ್ಲಿ ಹೊರಗಿನ ಸ್ಪೀಕರು ಚುಚ್ಚಲೆಂದೇ ಎರಡು ರಂಧ್ರಗಳನ್ನು ಬಿಟ್ಟಿರುವುದುಂಟು. ಹೀಗಿರಲು ಮನೆಯಲ್ಲಿ ಕುಳಿತು ಇನ್ನೊಂದು ಸ್ಪೀಕರು ಹಚ್ಚುವವನು ಅಪಚಾರವೇನನ್ನೂ ಮಾಡುತ್ತಿಲ್ಲ. ಕಾರ್ಖಾನೆ ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಂದುವರಿಸುತ್ತಿರುವನು.

ನನ್ನ ಪೆಟ್ಟಿಗೆ ತೇಗದ್ದು. ರೇಡಿಯೋ ಗ್ರಾಮಫೋನುಗಳೆರಡೂ ಕೂಡಿದ ಯಾವುದೋ ರೇಡಿಯೋಗ್ರಾಮಿನಿಂದ ಕಳಚಿಕೊಂಡು ಬಂದದ್ದು. ಒಳಗೆ 8 ಇಂಚಿನ ಒಂದೇ ಕಾಗದದ ಕೋನು. ಅದಕ್ಕೆ 2ಎನ್3055 ಎಂಬ ದಪ್ಪ ಲೋಹದ ಟ್ರಾನ್ಸಿಸ್ಟರುಗಳುಳ್ಳ, ಪೇಟೆಯಲ್ಲೇ ಜೋಡಿಸಿದ ಆಂಪ್ಲಿಫಯರು. ಭಜನೆಯ ಕ್ಯಾಸೆಟ್ಟಿನಲ್ಲಿ ತಾಳದ ಸದ್ದು ಕಂಬಳಿ ಹೊದ್ದು ಬಂದಂತೆ ಕೇಳುತ್ತಿದ್ದುದನ್ನು ತಾಳಲಾರದೆ ನಾನು ತಾರಸ್ವರಕ್ಕೆಂದೇ ಇರುವ ಚಿಕ್ಕ ಸ್ಪೀಕರನ್ನು, ಎಂದರೆ ಒಂದು ಟ್ವೀಟರನ್ನು, ಕೊಂಡುತಂದು, ಹಳೆಯ ಸ್ಪೀಕರಿನ ಎರಡು ತಂತಿಗಳಿಗೆ ಅದರ ಎರಡು ತಂತಿಗಳನ್ನು ಸುತ್ತಿ, ಜಗತ್ತನ್ನೇ ಗೆದ್ದವನಂತೆ ಧ್ವನಿಯನ್ನು ಏರಿಸಿದೆ. ಎರಡು ನಿಮಿಷ ತಾಳ ಸ್ಫಟಿಕದಂತೆ ಕೇಳಿಸಿತು. ಮೃದಂಗದ ಪೆಟ್ಟುಗಳು ಬಂದೊಡನೆ ಟ್ವೀಟರು ಹುರಿಗಡಲೆ ಸಿಡಿದಂತೆ ಚಟಗುಟ್ಟಿತು. ಕೂದಲು ಸುಟ್ಟಂಥ ವಾಸನೆಯೊಂದು ಹೊರಟು ಅದು ಮೌನವಾಯಿತು. ಮರುದಿನ ರೇಡಿಯೋ ದುರಸ್ತಿ ಮಾಡುವ ಕಾಕಾನ ಅಂಗಡಿಗೆ ಒಯ್ದಾಗ ಅವನು ಅದನ್ನು ಬಿಚ್ಚಿ, ಕೂದಲಿನಷ್ಟು ತೆಳುವಾದ ತಂತಿಯ ಸುರುಳಿ ಕಪ್ಪಿಟ್ಟು ಬಿರಿದಿದ್ದುದನ್ನು ಉಗುರಿನ ತುದಿಯಿಂದ ತೋರಿಸಿ ಹೇಳಿದ:

“ಮಾಸ್ತರ್ರ, ಹಾಲ ಕುಡಿಯೋ ಕೂಸಿಗೆ ಖಡಕ್ ರೊಟ್ಟಿ ತಿನ್ನಿಸೀರಿ. ಅದಕ್ಕ ಹಲ್ಲರೆ ಎಲ್ಲಿ ಅದಾವ?”

“ಹಂಗಾರ ಏನ್ ಮಾಡಬೇಕಾಗಿತ್ತ, ಕಾಕಾ?”

“ಸೋಸಿ ಕೊಡಬೇಕಾಗಿತ್ರಿ. ಒಂದು ಕಂಡೆನ್ಸರ್ ಹಚ್ಚಿದ್ರ ದಪ್ಪನ್ನ ಸದ್ದ ಆಚೀಕಡಿನ ನಿಂದರತಿತ್ತು.”

ಈ ಸೋಸುವ ವಿದ್ಯೆಯೇ ಸಮಸ್ತ ಪ್ರಕರಣದ ಜೀವಾಳ. ಕಂಡೆನ್ಸರು, ಎಂದರೆ ಕೆಪ್ಯಾಸಿಟರು, ಶೀಘ್ರವಾದ ಕಂಪನಗಳಿಗೆ ದಾರಿ ಬಿಟ್ಟು ಮಂದವಾದವನ್ನು ತಡೆಯುವುದು. ಅದನ್ನು ಟ್ವೀಟರಿನ ಒಂದು ತಂತಿಯ ನಡುವೆ ಸೇರಿಸಿದರೆ ಒಂದು ಗಡಿಯ ಕೆಳಗೆ, ಕಂಪನಗಳ ಸಂಖ್ಯೆ ಅರ್ಧಕ್ಕಿಳಿದಂತೆಲ್ಲ ಟ್ವೀಟರಿಗೆ ತಲಪುವ ವೋಲ್ಟೇಜೂ ಹೆಚ್ಚುಕಡಮೆ ಅರ್ಧವಾಗುತ್ತ ಹೋಗುವುದು. ಗಡಿ ಎಲ್ಲಿರಬೇಕೆಂಬುದನ್ನು ನಾವೇ ನಿಶ್ಚಯಿಸಬಹುದು. ಅದಕ್ಕೆ ಕಾಕಾ ನನಗೆ ಕಲಿಸಿದ ಲೆಕ್ಕ ಅಂಗೈಯಲ್ಲಿ ಬರೆದುಕೊಳ್ಳುವಷ್ಟು ಚಿಕ್ಕದು. ಟ್ವೀಟರು 8 ಓಮಿನದಾಗಿದ್ದರೆ 20,000ವನ್ನು ಬೇಕಾದ ಗಡಿಯಿಂದ ಭಾಗಿಸಿದರೆ ಬರುವುದೇ ಕೆಪ್ಯಾಸಿಟರಿನ ಮೈಕ್ರೋಫ್ಯಾರಡ್ ಬೆಲೆ. ಗಡಿ 5,000 ಆಗಬೇಕಾದರೆ 4 ಮೈಕ್ರೋಫ್ಯಾರಡ್. ಪೇಟೆಯಲ್ಲಿ ಸುಲಭವಾಗಿ ಸಿಕ್ಕುವ 4.7 ಹಾಕಿದರೆ ಗಡಿ ಸುಮಾರು 4,200ಕ್ಕೆ ಇಳಿಯುವುದು, 2.2 ಹಾಕಿದರೆ 9,000ಕ್ಕೆ ಏರುವುದು. ಕೆಪ್ಯಾಸಿಟರು ಮಾತ್ರ ಧನ ಋಣ ಭೇದವಿಲ್ಲದ ಜಾತಿಯದಾಗಿರಬೇಕು. ಏಕೆಂದರೆ ಹಾಡಿನ ವಿದ್ಯುತ್ತು ಎರಡೂ ದಿಕ್ಕಿಗೆ ಹರಿಯುವಂಥದು.

ಈ ಗಡಿಯ ಸ್ವರೂಪವನ್ನು ತಿಳಿಯಲು ನಮ್ಮ ಜಿಲ್ಲೆಯ ಮಗ್ಗವನ್ನೇ ನೋಡಬಹುದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಎಳೆಗಳ ಕುಣಿಕೆಯಲ್ಲಿ ಇನ್ನೊಂದರ ಎಳೆಗಳನ್ನು ಸಿಕ್ಕಿಸಿ ಕೊಂಡಿ ಹಾಕುವರು. ಕೊಂಡಿ ನೇರ್ಪಾಗಿದ್ದರೆ ಉಟ್ಟವಳಿಗೆ ಇಡೀ ಸೀರೆ ಒಂದೇ ಬಟ್ಟೆಯೆನಿಸುವುದು. ಕೊಂಡಿ ತಪ್ಪಿದರೆ ಸೆರಗು ಎಷ್ಟೇ ಬೆಲೆಯ ರೇಷ್ಮೆಯದಾಗಿರಲಿ, ಕಣ್ಣು ಹೋಗಿ ನಿಲ್ಲುವುದು ಆ ಗಂಟಿನ ಮೇಲೆಯೇ. ಮಂದ್ರವನ್ನು ನುಡಿಸುವ ದೊಡ್ಡ ಸ್ಪೀಕರು, ಎಂದರೆ ವೂಫರು, ಒಡಲು; ಟ್ವೀಟರು ಸೆರಗು; ಅವುಗಳ ನಡುವಣ ಗಡಿ, ಎಂದರೆ ಕ್ರಾಸ್‌ಓವರು, ಕೊಂಡಿ. ಹಾಡುವವಳು ಮಧ್ಯದಿಂದ ತಾರಕ್ಕೆ ಏರುವಾಗ ಧ್ವನಿ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಜಿಗಿದಂತೆ ಕೇಳಿಸಿದರೆ ಕೊಂಡಿ ತಪ್ಪಿದೆಯೆಂದೇ ತಿಳಿಯಬೇಕು. ಟ್ವೀಟರಿನ ಸದ್ದು ಮುಂದೆ ಮುಂದೆ ಬರುತ್ತಿದ್ದರೆ ಅದರ ದಾರಿಯಲ್ಲಿ ಕೆಲವು ಓಮುಗಳ ರೆಸಿಸ್ಟರೊಂದನ್ನಿಟ್ಟು ತಗ್ಗಿಸಬಹುದು. ಆಗ ಕೆಪ್ಯಾಸಿಟರಿಗೆ ಎದುರಾಗುವ ಓಮು ಹೆಚ್ಚುವುದರಿಂದ ಗಡಿಯ ಲೆಕ್ಕವನ್ನು ಮತ್ತೊಮ್ಮೆ ನೋಡುವುದು ಒಳಿತು.

ಇನ್ನು ದಿಕ್ಕಿನ ಮಾತು. ಒಂದು ಕೋನು ಮುಂದಕ್ಕೆ ಬರುವಾಗ ಅದರ ಜೊತೆಯ ಕೋನು ಹಿಂದಕ್ಕೆ ಸರಿದರೆ ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಸೆಳೆದುಕೊಂಡು ಮಂದ್ರವೇ ಮಾಯವಾಗುವುದು. ಎರಡು ಸ್ಪೀಕರು ಹಚ್ಚಿದ ಮೇಲೆ ಸದ್ದು ಕಡಮೆಯಾಯಿತೆಂದು ತಲೆ ಕೆರೆದುಕೊಳ್ಳುವವರ ರೋಗ ಹೆಚ್ಚಾಗಿ ಇದೇ. ಪರೀಕ್ಷೆಗೆ ಟಾರ್ಚಿನ ಒಂದೂವರೆ ವೋಲ್ಟಿನ ಸೆಲ್ಲು ಸಾಕು. ಅದರ ಎರಡು ತುದಿಗಳನ್ನು ವೂಫರಿನ ತಂತಿಗಳಿಗೆ ಕ್ಷಣಮಾತ್ರ ತಾಗಿಸಿದರೆ ಕೋನು ಮುಂದಕ್ಕೋ ಹಿಂದಕ್ಕೋ ಜಿಗಿಯುವುದು. ಮುಂದಕ್ಕೆ ಜಿಗಿದಾಗ ಸೆಲ್ಲಿನ ಧನ ತುದಿ ಯಾವ ತಂತಿಗೆ ತಾಗಿತ್ತೋ ಅದಕ್ಕೆ ಕೆಂಪು ಬಣ್ಣದ ಚುಕ್ಕೆಯಿಡಬೇಕು. ಒಂದೇ ಬಗೆಯ ಎಲ್ಲ ಸ್ಪೀಕರುಗಳ ಕೆಂಪು ಚುಕ್ಕೆಗಳೂ ಒಂದೇ ಕಡೆಗೆ ಬಂದರೆ ಆಯಿತು.

ಎಲ್ಲಕ್ಕಿಂತ ಹೆಚ್ಚಿನ ಆಂಪ್ಲಿಫಯರುಗಳನ್ನು ಬಲಿ ತೆಗೆದುಕೊಂಡಿರುವುದು ಓಮಿನ ಅಲಕ್ಷ್ಯ. ಓಮು ಎಂಬುದು ವಿದ್ಯುತ್ತಿನ ಹರಿವಿಗೆ ಸ್ಪೀಕರು ಒಡ್ಡುವ ತಡೆ. 8 ಓಮಿನ ಎರಡನ್ನು ಒಂದರ ಹಿಂದೆ ಒಂದಾಗಿ, ಸೀರೀಸಿನಲ್ಲಿ, ಕೂಡಿಸಿದರೆ ತಡೆ 16 ಆಗುವುದು, ಆಂಪ್ಲಿಫಯರಿಗೆ ಹಗುರ; ಅವನ್ನೇ ಅಕ್ಕಪಕ್ಕದಲ್ಲಿ, ಪ್ಯಾರಲಲ್ಲಿನಲ್ಲಿ, ಕೂಡಿಸಿದರೆ ತಡೆ 4ಕ್ಕೆ ಇಳಿದು ಹರಿವು ಇಮ್ಮಡಿಯಾಗುವುದು. ಹೊಲಕ್ಕೆ ಒಂದು ಬಾಯಿ ತೆಗೆದ ಕಾಲುವೆಗೆ ನಾಲ್ಕು ಬಾಯಿ ತೆಗೆದರೆ ಏನಾಗುವುದೆಂಬುದನ್ನು ಘಟಪ್ರಭೆಯ ಕಾಲುವೆಯ ಕೊನೆಯ ಹೊಲದ ಒಕ್ಕಲಿಗನಿಗೆ ಯಾರೂ ವಿವರಿಸಬೇಕಾಗಿಲ್ಲ. ಅಂಥ ಹರಿವಿಗೆ ಸಿದ್ಧವಲ್ಲದ ಟ್ರಾನ್ಸಿಸ್ಟರು ಕಾಯುವುದು, ಕೊನೆಗೆ ಸಾಯುವುದು. ಆದ್ದರಿಂದ ಆಂಪ್ಲಿಫಯರಿನ ಬೆನ್ನ ಮೇಲೆ ಬರೆದ ಅತ್ಯಂತ ಕಡಮೆ ಓಮು ಎಷ್ಟೆಂದು ಓದದೆ ಇನ್ನೊಂದು ವೂಫರನ್ನು ಹಚ್ಚಲಾಗದು. ಕೆಪ್ಯಾಸಿಟರಿನ ಹಿಂದೆ ಕುಳಿತ ಟ್ವೀಟರು ಮಂದ್ರದಲ್ಲಿ ಏನನ್ನೂ ಎಳೆಯದ ಕಾರಣ ಅದರಿಂದ ಈ ಭಯ ಅಷ್ಟಿಲ್ಲ; ಸೋಸುವುದರಿಂದ ಸಿಕ್ಕುವ ಎರಡನೆಯ ಲಾಭ ಇದು.

ಪೆಟ್ಟಿಗೆಯೂ ಒಂದು ವಾದ್ಯವೇ. ಮುಚ್ಚಿದ ಪೆಟ್ಟಿಗೆಯ ಒಳಗಣ ಗಾಳಿ ಕೋನಿನ ಬೆನ್ನಿಗೆ ಸ್ಪ್ರಿಂಗಿನಂತೆ ಒತ್ತಾಸೆ ಕೊಡುವುದು. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಈ ಗಾಳಿಯ ಸ್ಪ್ರಿಂಗನ್ನೇ ನೆಚ್ಚಿ ಚಿಕ್ಕ ಪೆಟ್ಟಿಗೆಯಿಂದ ಗಂಭೀರವಾದ ಮಂದ್ರವನ್ನು ಹೊರಡಿಸಿ ತೋರಿಸಿದನು. ಒಂದು ಕೋನಿಗಾಗಿ ಅಳೆದ ಗಾಳಿಯಲ್ಲಿ ಎರಡು ವೂಫರುಗಳನ್ನು ಕೂಡಿಸಿದರೆ ತಲಾ ಅರ್ಧ ಗಾಳಿ ದೊರೆತು ಸ್ಪ್ರಿಂಗು ಬಿಗಿಯುವುದು. ಆಳಕ್ಕಿಳಿಯುವ ಬದಲು ಮಂದ್ರವು ಒಂದೇ ಸ್ವರದಲ್ಲಿ ಗುಂಯ್‌ಗುಡತೊಡಗುವುದು. ಮೇಲಾಗಿ ಹಳೆಯ ತೇಗದ ಮುಖಕ್ಕೆ ಗರಗಸ ಹಾಕಿದರೆ ಆ ಗಾಯ ಮಾಯುವಂಥದಲ್ಲ. ಇದರಿಂದಾಗಿ ಬಲ್ಲವರು ಹೊಸ ಸ್ಪೀಕರಿಗೆ ಬೇರೊಂದು ಪುಟ್ಟ ಪ್ಲೈವುಡ್ಡಿನ ಡಬ್ಬಿಯನ್ನು ಮಾಡಿ ಹಳೆಯದರ ತಲೆಯ ಮೇಲಿಡುವರು. ಮೆಚ್ಚಿಗೆಯಾಗದಿದ್ದರೆ ಎತ್ತಿಡಬಹುದು, ಅಜ್ಜನ ಪೆಟ್ಟಿಗೆ ಅಜ್ಜನದಾಗಿಯೇ ಉಳಿಯುವುದು. ವಾಲ್ವು ರೇಡಿಯೋಗಳ ವಿಷಯದಲ್ಲಂತೂ ಒಳಗೆ ಕೈ ಹಾಕುವ ಹವ್ಯಾಸಿಗೆ ಪ್ರಾಣಭಯವಿದೆ. ಅವುಗಳೊಳಗೆ ಇನ್ನೂರೈವತ್ತು ವೋಲ್ಟಿನ ಆಸುಪಾಸಿನ ಒತ್ತಡವಿರುವುದು, ಪ್ಲಗ್ಗು ಕಿತ್ತ ಮೇಲೂ ಕೆಪ್ಯಾಸಿಟರುಗಳಲ್ಲಿ ಅದು ಉಳಿದಿರಬಹುದು. ಕೆಲವು ಜಾತಿಯ ಸೆಟ್ಟುಗಳಲ್ಲಿ ಲೋಹದ ಚೌಕಟ್ಟೇ ನೇರವಾಗಿ ಮನೆಯ ಕರೆಂಟಿಗೆ ಕೂಡಿಕೊಂಡಿರುವುದು. ಅಂಥದನ್ನು ಬಲ್ಲ ಮೆಕ್ಯಾನಿಕನ ಕೈಗೇ ಒಪ್ಪಿಸತಕ್ಕದ್ದು.

ಕೂಡಿಸುವ ಹುಮ್ಮಸ್ಸು ಅಳತೆ ಮೀರಿದರೆ ಎಲ್ಲಿಗೆ ಮುಟ್ಟುವುದೆಂಬುದನ್ನು ಕಬ್ಬಿನ ಹಂಗಾಮಿನಲ್ಲಿ ಮುಧೋಳದ ರಸ್ತೆಯ ಬದಿಗೆ ನಿಂತು ನೋಡಬಹುದು. ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರಿನ ತಲೆಯ ಮೇಲೆ ಸ್ಪೀಕರುಗಳ ಸಾಲು. 12 ವೋಲ್ಟಿನ ಬ್ಯಾಟರಿಯಿಂದಲೇ ನಡೆಯುವ, ಮೆಕ್ಯಾನಿಕರೆಲ್ಲರಿಗೂ ಚಿರಪರಿಚಿತವಾದ 4440 ಐಸಿಯಂಥ ಚಿಕ್ಕ ಸಾಧನದಿಂದ ಮೊದಲಾದದ್ದು, ಹಾಡು ಹಳ್ಳಿಯ ಈ ತುದಿಯಿಂದ ಆ ತುದಿಗೆ ಮುಟ್ಟುವವರೆಗೆ ಬೆಳೆದುಬಿಡುವುದು. ಇರುಳೆಲ್ಲ ನಿದ್ದೆಗೆಟ್ಟು ಗಾಡಿ ನಡೆಸುವವನಿಗೆ ಹಾಡು ಬೇಕು ಎಂಬುದು ನಿಜ. ಹಿಂದಿನಿಂದ ಬರುವ ಗಾಡಿಯ ಹಾರ್ನು ಅವನಿಗೆ ಕೇಳಿಸಬೇಕೆಂಬುದೂ ಅಷ್ಟೇ ನಿಜ. ಕಿವಿಯ ಲೆಕ್ಕವೂ ಈ ಹುಮ್ಮಸ್ಸಿಗೆ ಒಲಿಯುವಂಥದಲ್ಲ. ಸದ್ದು ಎರಡು ಪಟ್ಟಾದಂತೆ ತೋರಬೇಕಾದರೆ ವಿದ್ಯುತ್ತಿನ ಶಕ್ತಿ ಹೆಚ್ಚುಕಡಮೆ ಹತ್ತು ಪಟ್ಟಾಗಬೇಕು. ಹತ್ತು ಪಟ್ಟು ಖರ್ಚು ಮಾಡಿ ಎರಡು ಪಟ್ಟು ಕೇಳುವ ಈ ವ್ಯಾಪಾರದಲ್ಲಿ ಮೊದಲು ಸವೆಯುವ ಬಂಡವಾಳ ಕಿವಿಯೇ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿ, ವಸತಿಯ ಪ್ರದೇಶಗಳಲ್ಲಿ ಹಗಲಿಗೆ 55, ಇರುಳಿಗೆ 45 ಡೆಸಿಬೆಲ್ಲಿನ ಮಿತಿಯನ್ನು ಇಟ್ಟಿರುವುವು.

ಮಗ್ಗದ ಮನೆಯ ಸಮಸ್ಯೆಗೂ ಉತ್ತರ ಆ ಸೋಸುವ ವಿದ್ಯೆಯಲ್ಲಿಯೇ ಇದೆ. ಹಾಡಿನ ಸಾಹಿತ್ಯ ಕಿವಿಗೆ ಬೀಳುವುದು ಬಹುಮಟ್ಟಿಗೆ ವ್ಯಂಜನಗಳ ಸ್ಪಷ್ಟತೆಯಿಂದ. ಸಕಾರ ತಕಾರಗಳ ಹರಿತವಾದ ಅಂಚುಗಳೆಲ್ಲ ಮೇಲಿನ ಕಂಪನಗಳಲ್ಲಿರುವುವು. ದೂರದಲ್ಲಿ ಕುಳಿತ ದೊಡ್ಡ ಕೋನನ್ನು ಅರಚಿಸುವುದಕ್ಕಿಂತ, ಚೆನ್ನಾಗಿ ಸೋಸಿದ ಚಿಕ್ಕ ಸ್ಪೀಕರೊಂದನ್ನು ನೇಯುವವನ ತಲೆಯ ಬಳಿ ಅವನ ಕಡೆಗೆ ಮುಖ ಮಾಡಿ ಇರಿಸಿದರೆ ಕಡಮೆ ಸದ್ದಿನಲ್ಲಿಯೇ ಮಾತು ತಿಳಿಯುವುದು. ಸದ್ದನ್ನು ಹೆಚ್ಚಿಸದೆ ಕೆಲಸವನ್ನು ಹಂಚಿದರೆ ದೊರೆಯುವ ಫಲ ಇದು.

ಆದರೂ ಒಂದು ಮಿತಿಯನ್ನು ಯಾವ ಸ್ಪೀಕರೂ ದಾಟಲಾರದು. ಮೂಲದಲ್ಲಿ ಇಲ್ಲದ್ದನ್ನು ಅದು ಹುಟ್ಟಿಸಲಾರದು. ಮಧ್ಯಮ ತರಂಗದ ರೇಡಿಯೋ ಸುಮಾರು 4,500 ಕಂಪನಗಳ ಮೇಲಿನದನ್ನು ಬಹುಪಾಲು ಕೈಬಿಡುವುದು. ಅದಕ್ಕೆ ಟ್ವೀಟರು ಹಚ್ಚಿದರೆ ಸಿಕ್ಕುವುದು ಹೆಚ್ಚಾಗಿ ಗರಗರ ಸದ್ದು. 15,000ದವರೆಗೆ ಒಯ್ಯುವ ಎಫ್‌ಎಮ್ಮಿಗೂ ಮೊಬೈಲಿನ ಹಾಡಿಗೂ ಅದು ಸಾರ್ಥಕ. ಇದನ್ನು ನಾನು ಅರಿತುಕೊಂಡದ್ದು ಕಾಕಾ ಹೊಸ ಟ್ವೀಟರು, 4.7ರ ಕೆಪ್ಯಾಸಿಟರು, ಎರಡನ್ನೂ ಕೂಡಿಸಿ ಪೆಟ್ಟಿಗೆಯನ್ನು ಮರಳಿ ಕೊಟ್ಟ ದಿನ. ಭಜನೆಯ ತಾಳ ಈಗ ಕಂಬಳಿ ಕಿತ್ತೆಸೆದು ಎದ್ದು ಬಂದಿತು. ಆ ಸಂತೋಷದಲ್ಲಿ ನಾನು ಅಮೀರ್‌ಬಾಯಿಯ ಹಳೆಯ ಗ್ರಾಮಫೋನ್ ಮುದ್ರಿಕೆಗಳಿಂದ ಇಳಿಸಿಕೊಂಡ ಕ್ಯಾಸೆಟ್ಟನ್ನು ಹಾಕಿದೆ; ಆಕೆಯ ಕೊರಳಿಗಿಂತ ಮುಂದಾಗಿ ಮುದ್ರಿಕೆಯ ಮೇಲೆ ಮುಳ್ಳು ಗೀರುವ ಸದ್ದು ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಕೋಣೆಯನ್ನೆಲ್ಲ ತುಂಬಿತು.

ಕಾಕಾ ಮಾತನಾಡದೆ ಟ್ವೀಟರಿನ ತಂತಿಯನ್ನು ಕತ್ತರಿಸಿ, ನಡುವೆ ಒಂದು ಚಿಕ್ಕ ಸ್ವಿಚ್ಚನ್ನು ಬೆಸೆದು, ಅದನ್ನು ಪೆಟ್ಟಿಗೆಯ ಬೆನ್ನಿಗೆ ಕೂಡಿಸಿದ. “ಮುದುಕರ ಹಾಡ ಹಚ್ಚಿದಾಗ ಇದನ್ನ ಬಂದ್ ಮಾಡ್ರಿ, ಮಾಸ್ತರ್ರ,” ಎಂದ. ಪೆಟ್ಟಿಗೆ ಇಂದಿಗೂ ನನ್ನಲ್ಲಿದೆ. ಮೊಮ್ಮಕ್ಕಳ ಹಾಡಿಗೆ ಸ್ವಿಚ್ಚು ಮೇಲಿರುವುದು. ಬೀಳಗಿಯವಳು ಹಾಡುವಾಗ ಅದನ್ನು ನಾನೇ ಎದ್ದು ಹೋಗಿ ಕೆಳಗೊತ್ತುವೆನು.